ಬಾಳಕದ ಡಬ್ಬಿ

ಅರಣ್ಯ ಇಲಾಖೆಯ ಸಾಹೇಬರು ತಾಟಿನಿಂದ ಒಂದು ತುಂಡು ಎತ್ತಿಕೊಂಡಾಗ ಮುತ್ತಣ್ಣ ಬಗ್ಗಿ ನೋಡಿದ. ಬೆರಳುದ್ದ, ಕಪ್ಪು, ಮೈತುಂಬಾ ಸುಕ್ಕು.

"ತಿನ್ರಿ ಸಾಹೇಬ್ರ, ಬಾಳಕ, ಉಪ್ಪು ಹಚ್ಚಿ ಒಣಗಿಸಿದ ಹಾಗಲಕಾಯಿ, ಈಗ ಕರಿದೀನಿ. ಮನಿಗೆ ಬಂದವ್ರು ಹಂಗ ಹೋಗಬಾರದ್ರಿ," ಎಂದಳು ಅವನ ತಾಯಿ ಗದಿಗೆವ್ವ.

ಸಾಹೇಬರು ಬಂದದ್ದು ಕಪ್ಪತಗುಡ್ಡದಿಂದ ಇಳಿದ ಚಿರತೆಯ ಬಗ್ಗೆ ಕೇಳಲು. ಆದರೆ ಮೊನ್ನೆ ಕಡಲ ದಂಡೆಯಿಂದ ಲಾರಿಯಲ್ಲಿ ಕದ್ದುಮುಚ್ಚಿ ತಂದ ಒಣ ಸಮುದ್ರಸೌತೆಗಳನ್ನು ಮುತ್ತಣ್ಣ ಅವ್ವನ ಬಾಳಕದ ಡಬ್ಬಿಯಲ್ಲೇ ಬಚ್ಚಿಟ್ಟಿದ್ದ. ಕಡಲ ತಳದಲ್ಲಿ ತೆವಳುವ ಪ್ರಾಣಿ ಅದು, ಹುಲಿ ಚಿರತೆಗಳಂತೆ ಅದನ್ನು ಹಿಡಿಯುವುದೂ ಅಪರಾಧ, ಸಿಕ್ಕಿಬಿದ್ದರೆ ಜೈಲು. ಹೆದರಿದರೆ ಅದು ತನ್ನ ಕರುಳನ್ನೇ ವೈರಿಯ ಮುಂದೆ ಕಾರಿಬಿಡುತ್ತದೆ ಎಂದು ಸರಕು ಹೇರಿದವನು ಹೇಳಿದಾಗ ಮುತ್ತಣ್ಣ ಬಿದ್ದು ಬಿದ್ದು ನಕ್ಕಿದ್ದ.

ತುಂಡು ಸಾಹೇಬರ ತುಟಿಗೆ ತಾಗಿತು.

"ಬ್ಯಾಡ್ರಿ ಸಾಹೇಬ್ರ! ಅದು ಬಾಳಕ ಅಲ್ರಿ, ಸಮುದ್ರಸೌತಿ! ನಾನ ತಂದೀನ್ರಿ, ಡಬ್ಬಿ ತುಂಬ ಐತಿ. ನಮ್ಮವ್ವಗ ಖಬರ ಇಲ್ರಿ!"

ಸಾಹೇಬರು ತುಂಡನ್ನು ಮುರಿದರು. ಒಳಗಿಂದ ಹಾಗಲಕಾಯಿಯ ಬೀಜ ಉದುರಿತು.

ಗದಿಗೆವ್ವ ಮಗನತ್ತ ತಿರುಗಿದಳು. "ಇದು ಬಾಜೂಮನಿ ಕಾಂಚನಾ ಕೊಟ್ಟದ್ದಲೇ. ನಮ್ಮ ಡಬ್ಬಿ ನಾ ಇನ್ನೂ ತೆಗದ ಇಲ್ಲ."