ನಾಲ್ಕು ಗಂಟೆಯ ಪೈ

ಊಟದ ಕೋಣೆಯಲ್ಲಿ ಗಂಟೆ ಸದ್ದು ಮಾಡಿತು. ಆ ಕೋಣೆಯಲ್ಲಿ ಯಾರೂ ಇರಲಿಲ್ಲ.

“ಬಂದೆ ಅಜ್ಜೀ! ಓವನ್‌ನಿಂದ ಈಗಷ್ಟೇ ತೆಗೀತಿದ್ದೇನೆ!” ಹೆಲನ್ ಅಡುಗೆಮನೆಯಿಂದಲೇ ಕೂಗಿದಳು.

ನವೆಂಬರ್ ಎರಡು, ಸತ್ತವರ ಹಬ್ಬ. ಸರಿಯಾಗಿ ನಾಲ್ಕು ಗಂಟೆ. ಕಳೆದ ಎರಡು ವರ್ಷವೂ ಹೀಗೆಯೇ ಆಗಿತ್ತು. ಹಿತ್ತಾಳೆಯ ಆ ಪುಟ್ಟ ಕೈಗಂಟೆ ನೈರೋಬಿಯ ವೆಸ್ಟ್‌ಲ್ಯಾಂಡ್ಸ್‌ನ ಈ ಹಳೆಯ ಬಂಗಲೆಯ ಜೊತೆಗೇ ಬಂದದ್ದು.

ನತಾಲಿಯಾ ಅಜ್ಜಿಯ ಸೇಬಿನ ಪೈ ಸಾಮಾನ್ಯದ್ದಲ್ಲ. ಅದರ ಪರಿಮಳಕ್ಕೆ ಊರಿನ ಬಾಡಿಗೆ ವ್ಯಾನುಗಳಾದ ಮಟಾಟುಗಳು ದಾರಿ ತಪ್ಪಿ ಗೇಟಿನ ಮುಂದೆ ಸಾಲುಗಟ್ಟುತ್ತಿದ್ದವು. ಪಾದ್ರಿಗಳು ಪ್ರಸಂಗವನ್ನು ಅರ್ಧಕ್ಕೇ ಮುಗಿಸುತ್ತಿದ್ದರು. ಇದರಲ್ಲಿ ಉತ್ಪ್ರೇಕ್ಷೆ ಎಳ್ಳಷ್ಟೂ ಇಲ್ಲ. ಇದ್ದರೆ ಒಂದೆರಡು ಮಟಾಟುವಿನಷ್ಟು.

ಅಜ್ಜಿಯೇನು ಕಡಿಮೆಯೇ? ನೈರೋಬಿಯಲ್ಲಿ ಮೂವತ್ತು ವರ್ಷ ಕಳೆದು ಮಂಗಳೂರಿಗೆ ಮರಳಿದವಳ ಬಾಯಲ್ಲಿ ಯಾವಾಗಲೂ ಒಂದೇ ಮಾತು: ನನ್ನ ಬಂಗಲೆ, ನನ್ನ ಓವನ್, ನನ್ನ ಮೇಜಿಗೆ ಹದಿನಾರು ಜನ. ನೈರೋಬಿಗೆ ಶರತ್ಕಾಲವೆಂಬುದೇ ಇಲ್ಲ, ಮಂಗಳೂರಿನ ಮಾತು ಬಿಡಿ. ಆದರೂ ಅಕ್ಟೋಬರ್ ಮುಗಿಯಿತೆಂದರೆ “ಎಲೆ ಉದುರುವ ಕಾಲ ಬಂತು” ಎಂದು ಹಿಟ್ಟು ನಾದಲು ಕೂರುತ್ತಿದ್ದಳು. ಮಾಡುವುದಷ್ಟೇ, ಅವಳು ಪೈ ತಿಂದದ್ದನ್ನು ಕಂಡವರಿಲ್ಲ.

ಸಾಯುವ ದಿನ ಅವಳು ಮೂರು ಸಲ “ಹೆಲನ್” ಎಂದು ಕರೆದಿದ್ದಳು. ಹೆಲನ್ ಪಕ್ಕದ ಮನೆಯ ಮದುವೆಯಲ್ಲಿ ನಗುತ್ತಿದ್ದಳು. ಬಂದಾಗ ಅಜ್ಜಿಯ ಕೈ ತಣ್ಣಗಾಗಿತ್ತು.

ಅದಕ್ಕೇ ಗಂಡ ಆರ್ಥರ್‌ಗೆ ನೈರೋಬಿಯಲ್ಲಿ ಡಾಕ್ಟರ್ ಕೆಲಸ ಸಿಕ್ಕಾಗ ಅವಳು ಬೇರೆ ಮನೆ ಒಪ್ಪಲಿಲ್ಲ. ಅಜ್ಜಿಯ ಹಳೆಯ ಫೋಟೋದ ಹಿಂದಿದ್ದ ವಿಳಾಸವನ್ನೇ ಹುಡುಕಿ ಬಾಡಿಗೆಗೆ ಹಿಡಿದಳು. ಸತ್ತವರ ಹಬ್ಬಕ್ಕೆ ಅವರ ಪಾಲು ಎತ್ತಿಡುವುದು ಮನೆತನದ ಪದ್ಧತಿ. ಅಜ್ಜಿ ಒಂದು ತುತ್ತು ತಿಂದರೆ ತನ್ನನ್ನು ಕ್ಷಮಿಸಿದಂತೆ.

ಎರಡು ವರ್ಷವೂ ಅಜ್ಜಿ ತಿನ್ನಲಿಲ್ಲ. ಹಜಾರದಲ್ಲಿ ಫೋಟೋದ ಮುಂದಿಟ್ಟ ತಟ್ಟೆ ಊಟದ ಮೇಜಿನ ತುದಿಯ ಕುರ್ಚಿಯ ಮುಂದೆ ಸಿಕ್ಕಿತ್ತು. ಪಕ್ಕದಲ್ಲಿ ಅಚ್ಚುಕಟ್ಟಾಗಿ ಮಡಿಚಿದ ನ್ಯಾಪ್ಕಿನ್. ನೆಲದ ಮೇಲೆ ಮೈದಾ ಹಿಟ್ಟು ಮೆತ್ತಿದ ಬರಿಗಾಲಿನ ಗುರುತು. ಪೈ ಮಾತ್ರ ಇಟ್ಟಂತೆಯೇ ಇತ್ತು.

“ಆತ್ಮಕ್ಕೂ ಡಯಾಬಿಟಿಸ್ ಬಂದಿರಬೇಕು ಮಾರಾಯ್ತಿ” ಎಂದು ಆರ್ಥರ್ ನಕ್ಕಿದ್ದ.

ಈ ಸಲ ಹೆಲನ್ ಅಜ್ಜಿಯ ತಮ್ಮ ಸೆವರಿನಜ್ಜನನ್ನು ಕರೆಸಿದ್ದಳು. ಎಂಬತ್ತು ದಾಟಿದ ಮುದುಕ. ಮೊಂಬಾಸಾ ಬಿಟ್ಟು ಮೊನ್ನೆಯಷ್ಟೇ ನೈರೋಬಿಯ ಸೌತ್ ಸಿ ಬಡಾವಣೆಯಲ್ಲಿರುವ ಮಗಳ ಮನೆಗೆ ಬಂದಿದ್ದ. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ.

“ಲವಂಗ ಹೆಚ್ಚಾಯ್ತಾ ಅಜ್ಜ? ನೋಡಿ ಹೇಳಿ. ಯಾಕೆ ತಿನ್ನೋದಿಲ್ಲ ಅವಳು?” ಹೆಲನ್ ಒಂದು ತುಂಡನ್ನು ತಟ್ಟೆಗೆ ಹಾಕಿ ಎತ್ತಿಕೊಂಡಳು.

ಸೆವರಿನಜ್ಜ ಪೈ ನೋಡಲಿಲ್ಲ. ಚಹಾದ ಕಪ್ಪನ್ನು ಕೆಳಗಿಟ್ಟು ಊಟದ ಕೋಣೆಯ ಬಾಗಿಲತ್ತ ತಿರುಗಿದ.

“ಈಗ ಗಂಟೆ ಬಾರಿಸಿದ್ದು ಯಾರು ಬಾಯೆ?”

“ಅಜ್ಜಿ. ಅವಳದ್ದೇ ಗಂಟೆ ಅಲ್ವಾ?”

“ನತಾಲಿಯಾ ಆ ಗಂಟೆಯನ್ನು ಒಂದು ದಿನವೂ ಮುಟ್ಟಿದವಳಲ್ಲ. ಅದು ನಮ್ಮ ಬಿಳಿ ದೊರೆಸಾನಿಯದ್ದು. ಬಂಗಲೆಯೂ ಅವಳದ್ದು, ಪೈ ತಿನ್ನುವ ಆಸೆಯೂ ಅವಳದ್ದು. ನಾವಿಬ್ಬರೂ ಅವಳ ಕೆಲಸದಾಳುಗಳು: ನಾನು ತೋಟದಲ್ಲಿ, ನಿನ್ನ ಅಜ್ಜಿ ಈ ಒಲೆಯ ಮುಂದೆ. ಚಹಾ ಒಂದು ನಿಮಿಷ ತಡವಾದರೆ...”

ಗಂಟೆ ಮತ್ತೆ ಸದ್ದು ಮಾಡಿತು. ಈ ಸಲ ಸಿಟ್ಟಿನಿಂದ.

ಹೆಲನಳ ಕೈಯಿಂದ ಯಾರೋ ಮೆಲ್ಲಗೆ ತಟ್ಟೆ ತೆಗೆದುಕೊಂಡರು. ಹಿಟ್ಟು ಮೆತ್ತಿದ ಬರಿಗಾಲುಗಳು ಊಟದ ಕೋಣೆಯತ್ತ ಓಡಿದವು.