ಚೆಂಡು ನಿಂತಿರಲಿಲ್ಲ

ಮೊದಲ ಕಲ್ಲು ಕಿಟಕಿಯ ಸರಳಿಗೆ ಬಡಿದಾಗ ಫರಹತ್ ಗೋಡೆಗೆ ಬೆನ್ನು ಹಚ್ಚಿ ನಿಂತಳು. ಸಂಶಿಯ ಮೈದಾನದ ಅಂಚಿನಲ್ಲಿದ್ದ ಆ ಕೋಣೆಗೆ ಒಂದೇ ಬಾಗಿಲು. ಸಂಘಟಕರು ಅವಳನ್ನು ಒಳಗೆ ಕಳಿಸಿ, ಅವಳ ಒಳ್ಳೆಯದಕ್ಕೇ ಎಂದು ಹೊರಗಿನಿಂದ ಬೀಗ ಹಾಕಿ ಕೀಲಿ ಒಯ್ದಿದ್ದರು. ಈಗ ಆ ಬೀಗದ ಮುಂದೆ ಮೊರಬದಿಂದ ಬಂದ ಎರಡು ಟ್ರ್ಯಾಕ್ಟರ್ ಮಂದಿ ನಿಂತಿದ್ದರು.

ಹತ್ತು ವರ್ಷದಿಂದ ಆಟದ ಟೀಚರ್ ಅವಳು. ರೆಫರಿಯಾಗಿ ಇದು ಮೊದಲ ಫೈನಲ್. ಹುಡುಗಿಯರ ಫುಟ್‌ಬಾಲ್. ಮೊರಬ, ಕುಂದಗೋಳ ಎರಡೂ ಸಮ. ಪೆನಲ್ಟಿ ಶೂಟೌಟ್‌ನಲ್ಲೂ ಮೂರು ಮೂರು. ಉಳಿದದ್ದು ಕುಂದಗೋಳದ ಐದನೆಯ ಕಿಕ್. ಒಳಗೆ ಹೋದರೆ ಕುಂದಗೋಳ ಗೆದ್ದಂತೆ, ತಡೆದರೆ ಶೂಟೌಟ್ ಮುಂದುವರಿದಂತೆ.

ಮೊರಬದ ಕೀಪರ್ ನಂದಾ ಹಾರಿ ತಡೆದಳು. ಅವಳ ಕೈಗೆ ಬಡಿದ ಚೆಂಡು ಮೇಲಕ್ಕೆ ಚಿಮ್ಮಿತು. ಹಲಗೆಯವರು ಹುಚ್ಚೆದ್ದು ಬಾರಿಸಿದರು. ನಂದಾ ಎದ್ದವಳೇ ಕೈ ಮೇಲೆತ್ತಿ ಗೆಳತಿಯರ ಕಡೆ ಓಡಿದಳು. ಅವಳ ಬೆನ್ನ ಹಿಂದೆ ಚೆಂಡು ನೆಲಕ್ಕೆ ಬಿದ್ದು, ತಿರುಗುತ್ತ, ಅವಸರವೇ ಇಲ್ಲದೆ ಉರುಳಿ ಗೋಲಿನ ಗೆರೆ ದಾಟಿತು.

ಫರಹತ್ ಬಾಯಿಂದ ಸೀಟಿ ತೆಗೆದಳು. ಆಮೇಲೆ ಗೋಲ್ ಎಂದು ಕೈ ತೋರಿಸಿದಳು.

“ತಡದ ಚೆಂಡು ಗೋಲ್ ಹ್ಯಾಂಗ ಆಕ್ಕೈತ್ರಿ ಅಕ್ಕಾರ?” ಈಗ ಕೋಣೆಯ ಕಿಟಕಿಯಲ್ಲಿ ತಿರಕಪ್ಪನ ಮುಖ ಕಾಣಿಸಿತು. ಮೊರಬದ ಹಿರಿಯ, ತಂಡವನ್ನು ಕಟ್ಟಿದವನು. ಕೂಗಾಡದೆ ನಿಂತವನು ಅವನೊಬ್ಬನೇ.

“ಆಟದ ನಡುವಿನ ಪೆನಲ್ಟಿ ಬ್ಯಾರೆ, ಶೂಟೌಟ್ ಬ್ಯಾರೆ ಕಾಕಾ. ಆಟದಾಗ ಕೀಪರ್ ತಡದ ಚೆಂಡನ್ನ ಹೊಡದಾಕಿ ಮತ್ತ ಒದಿಬಹುದು. ಶೂಟೌಟಿನಾಗ ಎರಡನೇ ಸಲ ಮುಟ್ಟಂಗಿಲ್ಲ.”

“ಮತ್ತ?”

“ಇಲ್ಲಿ ಯಾರೂ ಮುಟ್ಟಲಿಲ್ಲ. ಕೀಪರ್‌ಗೆ ಬಡದು ತಾನ ಒಳಗ ಹೋತು. ಚೆಂಡು ನಿಂದ್ರೂ ತನಕ ಕಿಕ್ ಮುಗಿಯಂಗಿಲ್ರಿ.”

ತಿರಕಪ್ಪ ಫೋನಿನಲ್ಲಿ ಯಾರನ್ನೋ ಕೇಳಿದ. ಬಹಳ ಹೊತ್ತು ಕಿವಿಗೆ ಹಿಡಿದುಕೊಂಡೇ ಇದ್ದ. “ಅಕ್ಕಾರು ಹೇಳೂದು ಖರೇ ಐತ್ರೆಪಾ” ಎಂದ.

ಗದ್ದಲ ಸ್ವಲ್ಪ ಇಳಿಯಿತು. ಅಷ್ಟರಲ್ಲಿ ಹಿಂದಿನಿಂದ ಒಬ್ಬ ಕೂಗಿದ: “ಚೆಂಡು ಒಳಗ ಹೋಗೂ ಮೊದಲ ಸೀಟಿ ಆಗಿತ್ತು. ನಾ ಕೇಳೇನಿ.”

ಬಾಗಿಲಿಗೆ ಒದೆ ಬಿತ್ತು. ಮೇಲಿನ ತಿರುಗಣಿಯ ಮೊಳೆ ಅರ್ಧ ಹೊರಗೆ ಬಂತು.

“ಸೀಟಿ ಆದ ಮ್ಯಾಲೆ ಒಳಗ ಹೋದ್ರ ಗೋಲ್ ಅಲ್ಲ, ಹೌದಲ್ರಿ?” ತಿರಕಪ್ಪ ಕೇಳಿದ.

“ಹೌದ್ರಿ.”

“ಹಂಗಾರ ಸೀಟಿ ಆಗಿತ್ತೇನು?”

ಫರಹತ್‌ಳ ಕೈ ಕೊರಳಲ್ಲಿದ್ದ ಸೀಟಿಯ ಕಡೆ ಹೋಯಿತು. ಇನ್ನೊಂದು ಒದೆ ಬಿತ್ತು. “ಆ ಹಲಗಿ ಸಪ್ಪಳದಾಗ ಯಾರಿಗೆ ಏನು ಕೇಳತಿತ್ತು ಕಾಕಾ” ಎಂದಳು.

“ಹತ್ತರ ಇದ್ದಾಕಿ ನಂದಾ. ಆಕೀನ ಕೇಳೂಣು.”

ಮಂದಿ ದಾರಿ ಬಿಟ್ಟಿತು. ಮೊಣಕೈಗೆ ಮಣ್ಣು ಮೆತ್ತಿದ್ದ ಹುಡುಗಿ ಕಿಟಕಿಯ ಹತ್ತಿರ ಬಂದಳು. ಸರಳಿನಾಚೆ ನಿಂತ ಫರಹತ್‌ಳನ್ನು ನೋಡಿದಳು. ಅಲುಗುತ್ತಿದ್ದ ಬಾಗಿಲನ್ನು ನೋಡಿದಳು.

“ಸೀಟಿ ಆಗಿಲ್ರಿ ಅಜ್ಜಾ. ಚೆಂಡು ಬಿಟ್ಟು ಓಡಿದ್ದು ನನ್ನ ತಪ್ಪು.”

ಸಿಟ್ಟೆಲ್ಲ ಒಮ್ಮೆಲೇ ಅವಳ ಕಡೆ ತಿರುಗಿತು. ಕುಣಿಯಾಕ ಹೋಗಿದ್ಳು, ಊರ ಮರ್ಯಾದಿ ಕಳದ್ಳು ಎಂದು ಬೈಯುತ್ತ ಮಂದಿ ಟ್ರ್ಯಾಕ್ಟರ್ ಹತ್ತಿತು. ತಿರಕಪ್ಪ ಸಂಘಟಕರಿಂದ ಕೀಲಿ ತಂದು ಬೀಗ ತೆಗೆದ. “ನಮ್ಮವರದು ತಪ್ಪಾತ್ರಿ” ಎಂದಷ್ಟೇ ಹೇಳಿ ತಾನೂ ನಡೆದ.

ನಂದಾ ಮಾತ್ರ ಗೋಡೆಗೆ ಒರಗಿ ನಿಂತಿದ್ದಳು. ಟ್ರ್ಯಾಕ್ಟರಿನಲ್ಲಿ ಅವಳಿಗೆ ಯಾರೂ ಜಾಗ ಬಿಟ್ಟಿರಲಿಲ್ಲ.

“ಯಾಕವಾ ಹಂಗ ಹೇಳಿದಿ?” ಫರಹತ್ ಕೇಳಿದಳು.

“ಬಾಗಲಾ ಮುರೀತಿದ್ರು ಅಕ್ಕಾರ.”

ಮುಂದಿನ ಟ್ರ್ಯಾಕ್ಟರ್ ಶುರುವಾಯಿತು. ಫರಹತ್ ಮೈದಾನಕ್ಕೆ ಅಡ್ಡಲಾಗಿ ಓಡಿ, ಅದರ ಮುಂದೆ ನಿಂತು ಕೈ ಎತ್ತಿದಳು. ಗಾಲಿ ಅವಳಿಂದ ಮಾರು ದೂರದಲ್ಲಿ ನಿಂತಿತು. ಮೇಲಿಂದ ತಿರಕಪ್ಪ ಬಗ್ಗಿ ನೋಡಿದ.

“ಹುಡುಗಿ ಸುಳ್ಳು ಹೇಳ್ಯಾಳ್ರಿ ಕಾಕಾ” ಎಂದಳು. “ಚೆಂಡು ಗೆರಿ ದಾಟೂಕಿಂತ ಮೊದಲ ನಾ ಸೀಟಿ ಊದಿದ್ದೆ.”