ಹಿಂದಿನ ಕೋಣೆಗೊಂದು ಕುದುರೆ

ಕುದುರೆ ಮೂರನೆಯ ಮೆಟ್ಟಿಲಿನಲ್ಲಿ ನಿಂತುಬಿಟ್ಟಿತು. ಮೇಲಕ್ಕೆ ಹತ್ತಲೊಲ್ಲದು, ಕೆಳಕ್ಕೆ ಇಳಿಯಲೊಲ್ಲದು. ಮಜೆಲ್ಲಾ ಟೂಹಿ ಹಗ್ಗ ಜಗ್ಗಿದಳು, ಬೈದಳು, ಕೊನೆಗೆ ಕ್ಯಾರೆಟ್ ತೋರಿಸಿದಳು. ಪ್ರಯೋಜನವಾಗಲಿಲ್ಲ.

ಡಬ್ಲಿನ್ನಿನ ಆ ವಠಾರದ ಬಾಲ್ಕನಿಗಳ ತುಂಬ ತಲೆಗಳು.

"ಎರಡನೇ ಮಹಡಿಗ್ಯಾಕೆ ಮಜೆಲ್ಲಾ, ಸೀದಾ ತಾರಸಿಗೇ ಹತ್ತಿಸು!"

"ಲಿಫ್ಟ್ ಕೆಟ್ಟಿದೆ ಅಂತ ಮೊದಲೇ ಅದಕ್ಕೆ ಹೇಳ್ಬೇಕಿತ್ತು ಕಣೇ!"

"ನಗ್ರಿ, ನಗ್ರಿ," ಎಂದಳು ಮಜೆಲ್ಲಾ. "ಇವತ್ತು ಆ ಸಂಸ್ಥೆಯವರ ಬಾಯಲ್ಲಿ 'ಆಗಲ್ಲ' ಅನ್ನಿಸದೆ ನಾನು ಬಿಡೋಳಲ್ಲ."

ಅವಳಿಗೆ ಬೇಕಾಗಿದ್ದದ್ದು ಕುದುರೆಯಲ್ಲ. ಅದು ಚಿಕ್ಕಪ್ಪನ ಮಗನದು. ಒಂದು ಮಧ್ಯಾಹ್ನದ ಮಟ್ಟಿಗೆ ಕೇಳಿ ತಂದದ್ದು. ಬೇಕಾಗಿದ್ದದ್ದು ಒಂದು ನಿರಾಕರಣೆ.

ಮನೆಯ ಹಿಂದಿನ ಕೋಣೆಯ ಗೋಡೆಗೆ ಕಪ್ಪು ಬೂಷ್ಟು ಹಿಡಿದಿತ್ತು. ಅಲ್ಲಿ ಮಲಗುವ ಐದು ವರ್ಷದ ಮಗಳು ಫಿಯಾಳ ಎದೆ ಬೆಳಗಾಗುವಷ್ಟರಲ್ಲಿ ಶಿಳ್ಳೆ ಹೊಡೆಯುತ್ತಿತ್ತು. ಬೇರೆ ಕಡೆ ಮಲಗಿಸೋಣವೆಂದರೆ ಜಾಗವಿಲ್ಲ. ಮನೆ ಕೊಟ್ಟ ವಸತಿ ಸಂಸ್ಥೆಗೆ ದೂರು ಹೇಳುತ್ತಲೇ ಎರಡು ಚಳಿಗಾಲ ಕಳೆದಿದ್ದವು. ಇಂಥ ಸಂಸ್ಥೆಗಳ ಕಿವಿ ಹಿಂಡಲೆಂದೇ ಓಂಬುಡ್ಸ್‌ಮನ್ ಎಂಬ ದೂರು ವಿಚಾರಣಾಧಿಕಾರಿ ಇದ್ದರು, ನಿಜ. ಆದರೆ ಸಂಸ್ಥೆ ತನ್ನ ಕೊನೆಯ ಮಾತು ಹೇಳಿ ಮುಗಿಸುವ ತನಕ ಅವರು ದೂರನ್ನು ಮುಟ್ಟುವಂತಿರಲಿಲ್ಲ. ಇದು ಸಂಸ್ಥೆಗೆ ಚೆನ್ನಾಗಿಯೇ ಗೊತ್ತಿತ್ತು. ಅದು ಗೋಡೆ ನೋಡಿತು, ಮರುಗಿತು, ಕ್ಷಮೆ ಕೇಳಿತು, ಪರಿಶೀಲಿಸುತ್ತೇವೆ ಎಂದಿತು. 'ಆಗುವುದಿಲ್ಲ' ಎಂದು ಮಾತ್ರ ಅನ್ನಲಿಲ್ಲ.

ಉಪಾಯ ಪಕ್ಕದ ಮನೆಯ ಮುದುಕಿ ಕನ್ಸೆಪ್ಟಾಳದು.

"ಆ ಕೋಣೇಲಿ ಕುದುರೆ ಕಟ್ಕೋತೀನಿ, ಒಪ್ಪಿಗೆ ಕೊಡಿ ಅಂತ ಕೇಳು ಮಗಳೇ. ಎಂಥ ಬೆಣ್ಣೆ ಮಾತಿನವನೂ ಆಗಲ್ಲ ಅಂತಾನೆ. ಆ ಕೋಣೆ ಬಗ್ಗೆ ಒಂದು ಸಲ ಆಗಲ್ಲ ಅಂದ್ರೋ, ಓಂಬುಡ್ಸ್‌ಮನ್ ಬಾಗಿಲು ತೆರೀತು ಅಂತ್ಲೇ ತಿಳ್ಕೋ."

ಸಂಸ್ಥೆಯ ಅಧಿಕಾರಿ ಫಿಂಟನ್ ಲೆಡಿ ಹೇಳಿದ ಹೊತ್ತಿಗೆ ಸರಿಯಾಗಿ ಬಂದ. ವಿನಯವೇ ಕೋಟು ತೊಟ್ಟು ಬಂದಂತಿದ್ದ. ಮೆಟ್ಟಿಲಿಗೆ ಅಡ್ಡ ನಿಂತಿದ್ದ ಕುದುರೆಗೂ "ಕ್ಷಮಿಸಿ" ಎಂದು, ಗೋಡೆಗೆ ಮೈಯುಜ್ಜಿಕೊಂಡು ಮೇಲೆ ಹತ್ತಿದ.

"ಚೆಂದದ ಪ್ರಾಣಿ, ಮಜೆಲ್ಲಾ ಅವರೇ. ಹೆಸರೇನು?"

"ಹೆಸರು ಹಾಗಿರ್ಲಿ. ಕಟ್ಬಹುದಾ, ಇಲ್ವಾ?"

"ನೋಡೋಣ, ನೋಡೋಣ. ಕೋಣೆ ತೋರಿಸ್ತೀರಾ?"

ಮಜೆಲ್ಲಾ ಹಿಂದಿನ ಕೋಣೆಯ ಬಾಗಿಲು ತೆರೆದಳು. ಈ ಪುಣ್ಯಾತ್ಮ ಇದನ್ನೂ ಪರಿಶೀಲಿಸುತ್ತೇವೆ ಎಂದುಬಿಟ್ಟರೆ?

ಫಿಂಟನ್ ಫಿಯಾಳ ಮಂಚವನ್ನು ಬಳಸಿಕೊಂಡು ಗೋಡೆಯ ಹತ್ತಿರ ಹೋದ. ಅಂಗೈ ಒತ್ತಿ ನೋಡಿದ. ಮೂಸಿದ. ಕರವಸ್ತ್ರದಿಂದ ಕೈ ಒರೆಸಿಕೊಂಡ. ಎರಡು ವರ್ಷಗಳಲ್ಲಿ ಮೊದಲ ಬಾರಿಗೆ ಅವನ ಮುಖದ ನಗೆ ಮಾಸಿತು.

"ಇಲ್ಲ. ಇದು ಮಾತ್ರ ಖಂಡಿತ ಆಗಲ್ಲ. ಯಾಕಂದ್ರೆ..."

"ಯಾಕಾದ್ರೂ ಆಗ್ಲಿ ಮಾರಾಯ!" ಮಜೆಲ್ಲಾ ಅವನನ್ನು ತಬ್ಬಿಕೊಂಡೇಬಿಟ್ಟಳು. "ಇದೇ ಕೊನೇ ಮಾತು ತಾನೇ? ಓಂಬುಡ್ಸ್‌ಮನ್ ಕೇಳಿದ್ರೂ ಇದನ್ನೇ ಹೇಳ್ತೀರಾ?"

"ಕಾರಣ ಸಮೇತ ಹೇಳ್ತೀನಿ," ಎಂದ ಫಿಂಟನ್, ತುಸು ನೊಂದವನಂತೆ.

ಅಂದು ಸಂಜೆ ವಠಾರಕ್ಕೆಲ್ಲ ಚಹಾ, ಕನ್ಸೆಪ್ಟಾ ಬೇಯಿಸಿದ ಒಣದ್ರಾಕ್ಷಿಯ ಬ್ರೆಡ್ಡು. ಕೇಳಿದ್ದು ಸಿಗಲಿಲ್ಲವೆಂದು ಹೀಗೆ ಹಬ್ಬ ಮಾಡಿದವರು ಅಲ್ಲಿ ಹಿಂದೆ ಯಾರೂ ಇರಲಿಲ್ಲ. ಫಿಯಾ ಕೆಮ್ಮುತ್ತಲೇ ಎರಡು ತುಂಡು ತಿಂದಳು.

ಓಂಬುಡ್ಸ್‌ಮನ್ ಕಚೇರಿ ದೂರನ್ನು ಸ್ವೀಕರಿಸಿತು. ವಾರಗಳು ಉರುಳಿದವು. ಒಂದು ದಿನ ಅಲ್ಲಿನ ತನಿಖಾಧಿಕಾರಿ ಊನಾ ಕ್ರೀನಿಯ ಫೋನು ಬಂತು.

"ತನಿಖೆ ಮುಗೀತು, ಮಜೆಲ್ಲಾ ಅವರೇ. ಒಂದು ಮಾತು ಮೊದಲೇ ಹೇಳ್ಬಿಡ್ತೀನಿ. ಅವರು ಯಾವುದಕ್ಕೆ ಆಗಲ್ಲ ಅಂದಿದ್ದಾರೋ ಅದನ್ನಷ್ಟೇ ನಾವು ನೋಡ್ಬಹುದು. ನಿಮ್ಮ ಮಗು ವಿಷಯದಲ್ಲಿ ಅವರಿನ್ನೂ ಆಗಲ್ಲ ಅಂದಿಲ್ಲ. ಕುದುರೆ ವಿಷಯದಲ್ಲಿ ಅಂದಿದ್ದಾರೆ."

"ಕೋಣೆ ಒಂದೇ ಅಲ್ವಾ ತಾಯಿ?"

"ಕೋಣೆ ಒಂದೇ. ದೂರು ಬೇರೆ. ಕುದುರೆಗೆ ಒಪ್ಪಿಗೆ ಕೊಡದೇ ಇದ್ದದ್ದು ಸರಿಯೋ ತಪ್ಪೋ, ಅಷ್ಟೇ ನಮ್ಮ ಪ್ರಶ್ನೆ. ಅವರ ಕಾರಣ ಕೇಳಿದ್ವಿ. ಒಬ್ಬರು ಪಶುವೈದ್ಯರನ್ನೂ ಕರ್ಕೊಂಡು ಬಂದು ಕೋಣೆ ತೋರಿಸಿದ್ವಲ್ಲ. ಸಂಸ್ಥೆ ಮಾಡಿದ್ದು ನೂರಕ್ಕೆ ನೂರು ಸರಿ."

ಮಜೆಲ್ಲಾ ಕುರ್ಚಿ ಎಳೆದುಕೊಂಡು ಕೂತಳು. "ಹೌದಮ್ಮ, ಎರಡನೇ ಮಹಡೀಲಿ ಕುದುರೆ ಕಟ್ಟೋಕೆ ಯಾರು ತಾನೇ ಬಿಡ್ತಾರೆ?"

"ಮಹಡಿ ವಿಷಯ ಅವರು ಎತ್ತಲೇ ಇಲ್ಲ," ಎಂದಳು ಊನಾ. "ಅಂಥ ಗೋಡೆ ಇರೋ ಕೋಣೇಲಿ ಒಂದು ರಾತ್ರಿ ಮಲಗಿದ್ರೂ ಕುದುರೆ ಎದೆ ಕೆಟ್ಟುಹೋಗುತ್ತಂತೆ."